ಬೆಸುಗೆಯಿಲ್ಲದ ದಂಬೆ

ನನ್ನ ಕೈ ನೋಡಿದವರು ಈಗಲೂ ಒಮ್ಮೆ ತಲೆಯೆತ್ತಿ ಮುಖ ನೋಡುತ್ತಾರೆ. ಎಡಗೈ ಹೆಬ್ಬೆರಳಿನ ಉಗುರು ಸೀಳಿಕೊಂಡೇ ಬೆಳೆಯುತ್ತದೆ, ಅಂಗೈ ತುಂಬ ತಗಡು ಕೊಯ್ದ ಗೆರೆಗಳು. "ಅಡುಗೆ ಮನೆಯಲ್ಲಿ ಆದದ್ದಾ?" ಎಂದು ಕೇಳುತ್ತಾರೆ. "ಅಲ್ಲ, ಅಂಗಡಿಯಲ್ಲಿ" ಎನ್ನುತ್ತೇನೆ. ಅಲ್ಲಿಗೆ ಅವರ ಮಾತು ನಿಲ್ಲುತ್ತದೆ. ನನಗೂ ಅದೇ ಬೇಕು.

ಕಾರ್ಕಳದ ಪೇಟೆಯಲ್ಲಿ ಪಪ್ಪನ ತಗಡಿನ ಅಂಗಡಿ ಇತ್ತು. ಚಿಮಣಿ ದೀಪ, ಎಣ್ಣೆ ಹೊಯ್ಯುವ ಲಾಳಿಕೆ, ಅಕ್ಕಿ ಡಬ್ಬ, ಇವೆಲ್ಲ ದಿನನಿತ್ಯದ ಕೆಲಸ. ಮಳೆಗಾಲಕ್ಕೆ ಮೊದಲು ಹೆಂಚಿನ ಮಾಡುಗಳ ಅಂಚಿಗೆ ಕಟ್ಟುವ ದಂಬೆಗಳ ಕೆಲಸ ಬರುತ್ತಿತ್ತು. ದಂಬೆ ಎಂದರೆ ನೀರು ಹರಿಯುವ ದೋಣಿ. ಹಳ್ಳಿಗಳಲ್ಲಿ ಅಡಿಕೆ ಮರ ಸೀಳಿ, ತಿರುಳು ತೆಗೆದು, ಒಂದರ ಬಾಯಿಗೆ ಇನ್ನೊಂದನ್ನು ಇಟ್ಟು ತೋಟಕ್ಕೂ ಗದ್ದೆಗೂ ನೀರು ಹಾಯಿಸುತ್ತಾರಲ್ಲ, ಅದೇ. ತಗಡಿನಲ್ಲಿ ಮಾಡಿದರೂ ಹೆಸರು ಬದಲಾಗಲಿಲ್ಲ.

ಇದ್ದಲಿನ ಹೊಗೆ, ಬೆಸುಗೆಗೆ ಬಳಸುವ ಆಸಿಡ್ಡಿನ ಆವಿ ಎರಡೂ ಸೇರಿ ಪಪ್ಪನ ಕಣ್ಣು ತಿಂದವು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರುವ ಹೊತ್ತಿಗೆ ಅವರಿಗೆ ಬೆಳಕು ಮತ್ತು ನೆರಳು ಇಷ್ಟೇ ತಿಳಿಯುತ್ತಿತ್ತು. ಕೆಲಸ ನನ್ನ ಕೈಗೆ ಬಂತು, ಹೆಸರು ಮಾತ್ರ ಅವರ ಹತ್ತಿರವೇ ಉಳಿಯಿತು. ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಅವರು ಕೂರುತ್ತಿದ್ದರು, ನಡುವೆ ಒಂದು ಹಲಗೆಯ ಮರೆ, ಅದರ ಹಿಂದೆ ನಾನು ಕೊಡತಿ ಹಿಡಿದು ಬಡಿಯುತ್ತಿದ್ದೆ. ಗಿರಾಕಿಗಳು ದೀಪವನ್ನು ತಿರುಗಿಸಿ ನೋಡಿ, "ಪೊರ್ಬುಗಳ ಕೈ ಅಂದರೆ ಕೈ" ಎಂದು ಹೊಗಳಿ ಹೋಗುತ್ತಿದ್ದರು. ನಮ್ಮ ಕೊಂಕಣಿ ಕ್ರಿಸ್ತರ ಗಂಡಸರನ್ನು ತುಳುವರು ಕರೆಯುವುದು ಹಾಗೆ, ಪೊರ್ಬು ಎಂದು, ಹೆಂಗಸರನ್ನು ಬಾಯಮ್ಮ ಎಂದು. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಪಪ್ಪನಿಗೂ ಸುಖವಿರಲಿಲ್ಲ, ಆದರೆ ಹೆಂಗಸು ಬಡಿದ ತಗಡು ಎಂದು ಗೊತ್ತಾದರೆ ಯಾರೂ ಬರಲಿಕ್ಕಿಲ್ಲ ಎಂಬುದು ಅವರ ಹೆದರಿಕೆ.

ಒಂದು ಚಳಿಗಾಲದ ಬೆಳಿಗ್ಗೆ ಅಜೆಕಾರಿನ ಕಡೆಯ ಒಬ್ಬ ಹೆಂಗಸು ಬಂದರು. ಗಟ್ಟಿ ಆಳು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಲ್ಲಿ ಒಣಗಿದ ಕೆಸರು. ಪಪ್ಪ ರೂಢಿಯಂತೆ, "ಎಂತ ಬೇಕಿತ್ತು?" ಎಂದರು.

"ಮಾತು ಮುಂದಿನಿಂದ ಬರ್ತಾ ಉಂಟು, ಸುತ್ತಿಗೆಯ ಶಬ್ದ ಹಿಂದಿನಿಂದ," ಎಂದರು ಆಕೆ. "ನನಗೆ ಸುತ್ತಿಗೆಯವರು ಬೇಕಿತ್ತು, ಪೊರ್ಬುಳೇ."

ಹಾಗೆಂದವರೇ ಹಲಗೆ ದಾಟಿ ಒಳಗೆ ಬಂದುಬಿಟ್ಟರು. ನನ್ನನ್ನು ನೋಡಿ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಅವರ ಕುಟುಂಬಗಳಲ್ಲಿ ಮನೆತನ ನಡೆಯುವುದೇ ಹೆಂಗಸರ ಕಡೆಯಿಂದ. ಇದ್ದಲಿನ ಚೀಲದ ಮೇಲೆ ಕೂತು ತಮ್ಮ ಕಥೆ ಹೇಳಿದರು. ನಾನು ಅವತ್ತೇ ಅವರನ್ನು ಅಕ್ಕ ಎಂದು ಕರೆಯತೊಡಗಿದೆ.

ಅಕ್ಕ ಗೇಣಿಯ ಒಕ್ಕಲು. ಗದ್ದೆ ಧನಿಗಳದು, ಬೆವರು ಇವರದು. ಗೇಣಿ ಮಾಡುವವರನ್ನು ಮನಸ್ಸು ಬಂದ ಹಾಗೆ ಎಬ್ಬಿಸುವಂತಿಲ್ಲ ಎಂಬ ಮಾತು ಆಗ ಊರೂರಲ್ಲೂ ಕೇಳಿಬರುತ್ತಿತ್ತು. ಧನಿಗಳಿಗೆ ಆ ಗದ್ದೆ ಬೇಕಾಗಿತ್ತು. ಎಬ್ಬಿಸಲು ಆಗದಿದ್ದರೆ, ಗದ್ದೆಯನ್ನೇ ಹಡಿಲು ಬೀಳಿಸಿದರಾಯಿತು. ಬಿತ್ತದೆ ಬಿಟ್ಟ ಗದ್ದೆ ಹಡಿಲು. ಕೊಳಕೆ, ಅಂದರೆ ಬೇಸಿಗೆಯ ಮೂರನೆಯ ಬೆಳೆ, ಒಂದು ವರ್ಷ ತಪ್ಪಿದರೆ ಸಾಕು. 'ಇವಳಿಂದ ಬೇಸಾಯ ಆಗುವುದಿಲ್ಲ' ಎಂದು ನಾಲ್ಕು ಜನರ ಎದುರು ಹೇಳಿ ಗದ್ದೆ ಹಿಂದಕ್ಕೆ ಪಡೆಯಬಹುದು.

ಕೊಳಕೆಗೆ ನೀರು ಬರುತ್ತಿದ್ದದ್ದು ತೋಡಿನಿಂದ, ಅಂದರೆ ಸಣ್ಣ ಹಳ್ಳದಿಂದ. ಮಳೆ ನಿಂತ ಮೇಲೆ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಕಟ್ಟಕ್ಕೆ ಕೈಹಾಕಿ ದುಡಿದ ಪ್ರತಿ ಮನೆಗೂ ನೀರಿನ ಸರದಿ ಉಂಟು. ಅಕ್ಕ ದುಡಿದಿದ್ದರು. ಹಾಗಾಗಿ ನೀರು ಕೊಡುವುದಿಲ್ಲ ಎನ್ನಲು ಧನಿಗಳಿಂದಲೂ ಆಗುತ್ತಿರಲಿಲ್ಲ. ಆದರೆ ತೋಡಿಗೂ ಅಕ್ಕನ ಗದ್ದೆಗೂ ನಡುವೆ ಧನಿಗಳು ತಾವೇ ಬೇಸಾಯ ಮಾಡುವ ಒಂದು ತಗ್ಗಿನ ಗದ್ದೆ ಇತ್ತು. ಅದರ ಅಂಚಿನ ಎತ್ತರದ ಹುಣಿಯ, ಅಂದರೆ ಬದುವಿನ ಮೇಲೆ ಹಿಂದಿನಿಂದ ಹರಿಯುತ್ತಿದ್ದ ನೀರಿನ ಕಣಿಯನ್ನು ಅವರು ಆ ವರ್ಷ ಹುಣಿ ಸಮೇತ ಕಡಿಸಿ ಹಾಕಿದರು. ಅಕ್ಕ ಕವೆಗೋಲು ನೆಟ್ಟು ಅದರ ಮೇಲೆ ಅಡಿಕೆ ದಂಬೆ ಇಟ್ಟರು. ಧನಿಗಳ ಆಳುಗಳು ಕವೆಗೋಲು ಕಿತ್ತರು.

"ನನ್ನ ಮಣ್ಣಿನಲ್ಲಿ ಒಂದು ಕೋಲು ನಿಲ್ಲಬಾರದು ಅಂತ ಕಟ್ಟದ ಹತ್ತಿರ ಎಲ್ಲರ ಎದುರು ಹೇಳಿದ್ದಾರೆ," ಎಂದರು ಅಕ್ಕ. "ಆಯ್ತಲ್ಲ. ಕೋಲು ಬೇಡ. ಆಚೆ ಕರೆಯಿಂದ ಈಚೆ ಕರೆಗೆ ನೇತು ಹಾಕುವ. ತಗಡಿನದ್ದು. ಹಗುರ ಅಲ್ವಾ? ನಿಮ್ಮಿಂದ ಆಗ್ತದಾ ಬಾಯಮ್ಮ?"

ಪಪ್ಪ ಹೊರಗಿನಿಂದಲೇ, "ಆಗುವುದಿಲ್ಲ, ಧನಿಗಳ ಎದುರು ನಮಗೆ ಬೇಡ" ಎಂದರು. ನಾನು, "ಆಗ್ತದೆ" ಎಂದೆ. ಹೇಗೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ಅಜೆಕಾರಿಗೆ ಹೋಗಿ ಹಗ್ಗ ಹಿಡಿದು ಅಳೆದು ಬಂದೆ. ತೋಡಿನ ದಂಡೆ ಸರಕಾರದ ಜಾಗ, ಅಲ್ಲಿ ಒಂದು ಕಂಬ ನೆಡಬಹುದು. ಇನ್ನೊಂದು ಅಕ್ಕನ ಗೇಣಿ ಗದ್ದೆಯ ಮೂಲೆಯಲ್ಲಿ. ಮರಕ್ಕೆ ಕಟ್ಟುವ ಹಾಗಿಲ್ಲ, ಒಕ್ಕಲಿನ ಗದ್ದೆಯ ಮರಗಳೂ ಧನಿಗಳದೇ. ನಮ್ಮ ಕಾರ್ಕಳದಲ್ಲಿ ಕಲ್ಲಿಗೆ ಬರವಿಲ್ಲ. ಒಡೆದ ಕಲ್ಲಿನ ಉದ್ದ ಕಂಬಗಳು ಗಾಡಿಯಲ್ಲಿ ಬಂದವು. ಎರಡು ಕಂಬಗಳ ನಡುವೆ ಉಕ್ಕಿನ ಹಗ್ಗ ಕಟ್ಟಿ, ಅದರಿಂದ ದಂಬೆಯನ್ನು ತಂತಿಗಳಲ್ಲಿ ತೂಗುಹಾಕಬೇಕು. ಆದರೆ ಹಗ್ಗ ನಡುವೆ ಜೋಲುತ್ತದೆ, ದಂಬೆ ಜೋಲುವಂತಿಲ್ಲ. ದಂಬೆ ಜೋಲಿದರೆ ನೀರು ನಡುವೆಯೇ ತುಂಬಿ ಚೆಲ್ಲುತ್ತದೆ. ಹಾಗಾದರೆ ಕೊನೆಗಳ ಕಡೆ ಉದ್ದ ತಂತಿ, ನಡುವೆ ಗಿಡ್ಡ ತಂತಿ. ಎಲ್ಲಿ ಎಷ್ಟು ಉದ್ದ?

ಸಂಜೆ ಮನೆಯಲ್ಲಿ ತೇರ್ಸ್ ಹೇಳುವಾಗ, ಜಪಮಾಲೆ ನನ್ನ ಎರಡು ಕೈಗಳ ನಡುವೆ ಜೋಲುತ್ತಿರುವುದು ಕಣ್ಣಿಗೆ ಬಿತ್ತು. ಪ್ರಾರ್ಥನೆ ಮುಗಿದದ್ದೇ ಗೋಡೆಗೆ ಎರಡು ಮೊಳೆ ಹೊಡೆದು ಅದನ್ನು ನೇತು ಹಾಕಿದೆ. ಜೋಲಿದ ಗೆರೆಯನ್ನು ಇದ್ದಲಿನಿಂದ ಬರೆದುಕೊಂಡೆ, ಕೆಳಗೆ ದಂಬೆಯ ನೇರ ಗೆರೆ ಎಳೆದೆ, ನೀರು ಹರಿಯಲು ಅಕ್ಕನ ಗದ್ದೆಯ ಕಡೆಗೆ ಚೂರು ಇಳಿಜಾರು ಕೊಟ್ಟು. ಎರಡು ಗೆರೆಗಳ ನಡುವಿನ ಅಂತರವೇ ತಂತಿಯ ಉದ್ದ, ಚಿಕ್ಕ ಅಳತೆಯಲ್ಲಿ. ಮೊಳೆಯ ಶಬ್ದ ಕೇಳಿ ಪಪ್ಪ ಕೈ ಸವರಿಕೊಂಡು ಬಂದು ಮಾಲೆಯನ್ನು ಮುಟ್ಟಿದರು.

"ಬಾಯೆ, ಇದು ದೇವರ ಮಾತೆಗೆ ಹೇಳುವ ಜಪದ ಮಣಿ. ಗೋಡೆಗೆ ಹೊಡೆಯುವುದಲ್ಲ."

"ದೇವರ ಮಾತೆಗೂ ಗದ್ದೆಯ ಕಷ್ಟ ಗೊತ್ತಿರಬಹುದು ಪಪ್ಪ," ಎಂದೆ. ಅವರು ಶಿಲುಬೆಯ ಗುರುತು ಹಾಕಿಕೊಂಡರು. ಇದ್ದಲಿನ ಆ ಗೆರೆ ಬಹಳ ಕಾಲ ನಮ್ಮ ಗೋಡೆಯ ಮೇಲೆ ಇತ್ತು. ನಾನು ಒರೆಸಲಿಲ್ಲ.

ತಗಡು ಮನೆಯಲ್ಲಿಯೇ ಇತ್ತು. ಮಣಿಪಾಲದ ಗುಡ್ಡದಲ್ಲಿ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿದ್ದ ಕಾಲ ಅದು. ಅಲ್ಲಿಯ ಒಂದು ಮಾಡಿನ ದಂಬೆಯ ಕೆಲಸ ನಮ್ಮದಾಗಿತ್ತು, ಉಳಿದ ಸಾದಾ ತಗಡನ್ನು ನಮಗೇ ಬಿಟ್ಟಿದ್ದರು. ಉಕ್ಕಿನ ಹಗ್ಗಕ್ಕೆ ಕಾಪುವಿಗೆ ಹೋದೆ. ಹಳೆಯ ದೋಣಿಗಳ ಸಾಮಾನು ಮಾರುವ ಬ್ಯಾರಿ ವ್ಯಾಪಾರಿಯೊಬ್ಬರು ಅಲ್ಲಿದ್ದರು. ಸಮುದ್ರದ ಉಪ್ಪು ತಿಂದರೂ ಗಟ್ಟಿಯಾಗಿದ್ದ ಎರಡು ಸುರುಳಿಗಳನ್ನು ನಾನು ಬಗ್ಗಿಸಿ ನೋಡುತ್ತಿದ್ದಾಗ, "ಇದು ನಿಮಗೆ ಎಂತಕ್ಕೆ?" ಎಂದು ಕೇಳಿದರು.

"ಬಟ್ಟೆ ಒಣಗಿಸ್ಲಿಕ್ಕೆ."

"ಹಾಗಾದರೆ ನಿಮ್ಮ ಮನೆಯಲ್ಲಿ ಆನೆ ಸೀರೆ ಉಡುವುದಾ?" ಎಂದು ನಗದೆ ಕೇಳಿ, ಸುರುಳಿಗಳನ್ನು ಬಸ್ಸಿನ ಮೇಲೆ ಹತ್ತಿಸಿ ಕೊಟ್ಟರು.

ದಂಬೆಯ ತಳವನ್ನು ದುಂಡಗೆ ಬಗ್ಗಿಸಿದೆ. ಎರಡು ಅಂಚಿನಲ್ಲೂ ತಂತಿ ಇಟ್ಟು ತಗಡನ್ನು ಅದರ ಮೇಲೆ ಸುತ್ತಿ ಬಡಿದೆ, ಅಂಚು ಬಾಗಬಾರದು ಎಂದು. ಬಾಯಿ ಅಗಲವಾಗದಂತೆ ಅಲ್ಲಲ್ಲಿ ಅಡ್ಡಪಟ್ಟಿ ಕೊಟ್ಟೆ. ತುಂಡುಗಳನ್ನು ಅಜೆಕಾರಿಗೆ ಸಾಗಿಸಿ ಅಲ್ಲಿಯೇ ಒಲೆ ಹೂಡಿ ಒಂದಕ್ಕೊಂದು ಬೆಸುಗೆ ಹಾಕಿದೆ. ಈ ಕೊನೆಯಿಂದ ಆ ಕೊನೆಗೆ ಒಂದೇ ದಂಬೆ. ಪಪ್ಪ ಕಲಿಸಿದ ವಿದ್ಯೆಯೇ ಅದು, ತಗಡಿನವರ ಮರ್ಯಾದೆ ಬೆಸುಗೆಯಲ್ಲಿ ಇರುವುದು, ಹನಿ ಸೋರಿದರೆ ಹೆಸರೂ ಸೋರಿದ ಹಾಗೆ. ಧನಿಗಳ ಗದ್ದೆಯ ಮೇಲೆ, ಆಳಿನ ತಲೆಗೆ ತಾಗದಷ್ಟು ಎತ್ತರದಲ್ಲಿ, ಅದು ಹೊಳೆಯುತ್ತ ನಿಂತಿತು. ಅಕ್ಕನ ಸರದಿಯ ನೀರು ಬೆಳಿಗ್ಗೆ ಅದರೊಳಗೆ ಹರಿದು ಗದ್ದೆಗೆ ಬಿತ್ತು. ಅಕ್ಕ ಕಾಲು ಒಡ್ಡಿ ನಿಂತರು.

ಮಧ್ಯಾಹ್ನ ಸರದಿ ಬೇರೆಯವರದು. ಬರಿ ದಂಬೆ ಬಿಸಿಲಿಗೆ ಕಾಯಿತು. ಮನೆಯ ಮಾಡಿನ ದಂಬೆಗೆ ಈ ಕಷ್ಟ ಇಲ್ಲ, ಅದಕ್ಕೆ ಕೆಲಸ ಇರುವುದು ಮಳೆಗಾಲದಲ್ಲಿ. ಕಾದ ತಗಡು ಉದ್ದ ಹಿಗ್ಗಿತು, ಎರಡು ಕೊನೆಯೂ ಬಿಗಿ, ಹೋಗಲು ಜಾಗವಿಲ್ಲದೆ ನಡುವೆ ಸೊಟ್ಟಗೆ ಎದ್ದಿತು. ಇಳಿಹೊತ್ತಿಗೆ ಅಕ್ಕನ ಸರದಿ ಮತ್ತೆ ಬಂತು. ತಣ್ಣೀರು ನುಗ್ಗಿದ್ದೇ ಟಕ್ ಎಂದು ಒಂದು ಬೆಸುಗೆ ಬಿಟ್ಟಿತು, ಅದರ ಹಿಂದೆ ಇನ್ನೊಂದು. ನೀರೆಲ್ಲ ಧನಿಗಳ ಗದ್ದೆಯಲ್ಲಿ, ಕಾಯಿ ಬಲಿತು ನಿಂತ ಉದ್ದಿನ ಗಿಡಗಳ ಮೇಲೆ ಸುರಿಯಿತು.

ಧನಿಗಳು ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ, ಹಿಂದೆ ಇಬ್ಬರು ಆಳುಗಳು. ಕೂಗಾಡಲಿಲ್ಲ. "ಕೋಲು ನಿಲ್ಲಿಸಬೇಡ ಅಂದೆ, ನೀನು ಕೋಲು ನಿಲ್ಲಿಸಲಿಲ್ಲ," ಎಂದರು ಅಕ್ಕನಿಗೆ. "ನಾನೂ ನ್ಯಾಯದವನೇ. ಇದು ಇರಲಿ. ಆದರೆ ಇನ್ನೊಂದು ಹನಿ ನನ್ನ ಮಣ್ಣಿಗೆ ಬಿದ್ದರೆ, ಮತ್ತೆ ಕಟ್ಟುವ ಮಾತಿಲ್ಲ. ಒಪ್ಪಿಗೆಯಾ?" ಸುತ್ತ ನಿಂತ ಜನ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. "ಒಪ್ಪಿಗೆ," ಎಂದರು ಅಕ್ಕ. ಆಳುಗಳಲ್ಲೊಬ್ಬ, "ಹೆಂಗಸರ ಆಟ" ಎಂದು ನಕ್ಕ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ನಾನು ಅಳಲಿಲ್ಲ. ಒಡೆದ ಬೆಸುಗೆಗಳ ಕೆಳಗೆ ನಿಂತು ಅವು ಎಲ್ಲಿ ಬಿಟ್ಟಿವೆ, ಹೇಗೆ ಬಿಟ್ಟಿವೆ ಎಂದು ಬೆರಳಾಡಿಸಿ ನೋಡಿದೆ.

ಬಸ್ಸಿಗೆ ಹೋಗುವ ದಾರಿಯಲ್ಲಿ ಯಾರದೋ ತೋಟದ ಅಡಿಕೆ ದಂಬೆಗಳು ಕಂಡವು. ಹುಟ್ಟಿದಾಗಿನಿಂದ ನೋಡಿದ್ದೇ. ಒಂದರ ಬಾಯಿ ಇನ್ನೊಂದರ ಒಳಗೆ ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಯಾವುದೂ ಅಂಟಿರುವುದಿಲ್ಲ. ಹನಿ ಹನಿ ಸೋರುತ್ತದೆ ನಿಜ, ಆದರೆ ಒಡೆಯುವುದಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು, ಬೆಸುಗೆಯ ಮರ್ಯಾದೆಯ ಮೇಲೆ ಇನ್ನೂ ಹೆಚ್ಚು.

"ಬೆಸುಗೆ ಹಾಕುವುದಿಲ್ಲ," ಎಂದೆ ಪಪ್ಪನಿಗೆ, ರಾತ್ರಿ ಗಂಜಿಗೆ ಕೂತಾಗ.

"ಬೆಸುಗೆ ಇಲ್ಲದೆ ಎಂತದ್ದು ತಗಡಿನ ಕೆಲಸ? ಸೋರ್ತದೆ."

"ಬೆಸುಗೆ ಹಾಕಿದ್ದಕ್ಕೇ ಸೋರಿದ್ದು."

"ಅದು ಬೆಸುಗೆಯ ತಪ್ಪಲ್ಲ. ನಿನ್ನ ಕೈಯ ತಪ್ಪು."

ಆ ಮಾತು ನನಗೆ ನಾಟಿತು. "ಇಷ್ಟು ವರ್ಷ ಹೊಗಳಿಕೆ ಬಂದಾಗ ಅದು ನಿಮ್ಮ ಕೈ ಆಗಿತ್ತು ಪಪ್ಪ," ಎಂದೆ. "ಒಡೆದಾಗ ಮಾತ್ರ ನನ್ನದಾ?" ಅವರು ಗಂಜಿ ಅರ್ಧಕ್ಕೇ ಬಿಟ್ಟು ಎದ್ದರು. ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ, ಈಗಲೂ ಇಲ್ಲ.

ಎಲ್ಲ ಬೆಸುಗೆ ಬಿಡಿಸಿದೆ. ತುಂಡುಗಳ ಒಂದು ಬಾಯಿಯನ್ನು ಚೂರು ಕಿರಿದು ಮಾಡಿ, ಮೇಲಿನದು ಕೆಳಗಿನದರೊಳಗೆ ಮೊಣಕೈ ಉದ್ದ ಕೂರುವಂತೆ ಬಡಿದೆ. ಪ್ರತಿ ತುಂಡಿಗೂ ಅದರದೇ ತೂಗುವ ತಂತಿಗಳು. ಕಾದರೆ ಹಿಗ್ಗಲಿ, ತಣಿದರೆ ಕುಗ್ಗಲಿ, ಒಂದರೊಳಗೆ ಒಂದು ಜಾರಿಕೊಳ್ಳಲಿ. ಇನ್ನು ಸೋರದಂತೆ ಮಾಡಬೇಕಿತ್ತು. ಅಕ್ಕನ ಅಂಗಳದ ಹಲಸು ಎಳೆಗಾಯಿ ಬಿಟ್ಟಿತ್ತು. ಪಲ್ಯಕ್ಕೆ ಹೆಚ್ಚುವಾಗ ಕೈಗೆ ಮೆತ್ತಿಕೊಂಡರೆ ಎಣ್ಣೆ ಹಾಕಿ ಉಜ್ಜಿದರೂ ಹೋಗದ ಅದರ ಮಯಣವನ್ನು ಅಕ್ಕ ಕೋಲಿಗೆ ಸುತ್ತಿ ಸುತ್ತಿ ಕೂಡಿಸಿಕೊಟ್ಟರು. ಬಿಸಿ ಮಾಡಿ ಹಳೆಯ ಸೀರೆಯ ಪಟ್ಟಿಗಳಿಗೆ ಸವರಿ, ಎರಡು ತಗಡುಗಳ ನಡುವೆ ಹಾಸಿದೆ. ಮಯಣ ಹಿಡಿದುಕೊಳ್ಳುತ್ತದೆ, ಜಾರಲೂ ಬಿಡುತ್ತದೆ. "ಮರ ಧನಿಗಳದು," ಎಂದರು ಅಕ್ಕ ಕೈಗೆ ಎಣ್ಣೆ ಸವರಿಕೊಳ್ಳುತ್ತ. "ಮಯಣಕ್ಕೆ ಗೇಣಿ ಕೇಳ್ತಾರೋ ಏನೋ."

ಎರಡನೆಯ ಸಲ ನೀರು ಬಿಡುವ ದಿನ ಪಪ್ಪ ತಾನೂ ಬರುತ್ತೇನೆಂದರು. "ಬೆಸುಗೆ ಇಲ್ಲದ ಕೆಲಸ ಹೇಗೆ ಸೋರ್ತದೆ ಅಂತ ಕೇಳ್ಲಿಕ್ಕೆ," ಎಂದರು. ನಾನು ಕೈ ಹಿಡಿದು ಬಸ್ಸು ಹತ್ತಿಸಿದೆ.

ಧನಿಗಳು ಆಗಲೇ ಉದ್ದು ಕೀಳಿಸಿ, ಗಿಡಗಳನ್ನು ಚಾಪೆಗಳ ಮೇಲೆ ಹರಡಿಸಿದ್ದರು, ಸರಿಯಾಗಿ ದಂಬೆಯ ಕೆಳಗೆ, ಈ ಕೊನೆಯಿಂದ ಆ ಕೊನೆಗೆ. ಉದ್ದು ಒಣಗಿಸಲು ಅವರ ಅಷ್ಟು ದೊಡ್ಡ ಅಂಗಳದಲ್ಲಿ ಜಾಗ ಸಾಕಾಗಲಿಲ್ಲ ಅಂತ ಕಾಣುತ್ತದೆ. ಕುರ್ಚಿಯೂ ಬಂದಿತ್ತು. ಅವರು ಕೂತರು, ಊರವರು ಹುಣಿಯ ಮೇಲೆ ನಿಂತರು. ಪಪ್ಪ ತೋಡಿನ ಬದಿಯ ಕಲ್ಲುಕಂಬಕ್ಕೆ ಒರಗಿ ತಲೆ ಒಂದು ಬದಿಗೆ ವಾಲಿಸಿ ಕೂತರು.

ಬೆಳಿಗ್ಗೆಯ ನೀರು ಹರಿಯಿತು. ಒಂದು ಸಂದಿಯ ಅಡಿಯಲ್ಲಿ ಒಂದು ಹನಿ ಮೂಡಿತು. ಎಲ್ಲರೂ ನೋಡಿದರು. ಧನಿಗಳು ಕುರ್ಚಿಯಿಂದ ಎದ್ದು ಅದರ ಕೆಳಗೆ ಬಂದು ನಿಂತರು. ಅದು ಕಡಲೆಯಷ್ಟು ದಪ್ಪವಾಯಿತು. ಅಕ್ಕ ನನ್ನ ತೋಳು ಹಿಡಿದ ಹಿಡಿತಕ್ಕೆ ಆಮೇಲೆ ಎರಡು ದಿನ ನೋವಿತ್ತು. ಬಟ್ಟೆ ನೀರು ಕುಡಿದು ಉಬ್ಬಿತು. ಹನಿ ಬೆಳೆಯಲಿಲ್ಲ, ಬೀಳಲೂ ಇಲ್ಲ, ಬಿಸಿಲು ಏರಿದ ಮೇಲೆ ಅಲ್ಲಿಯೇ ಆರಿಹೋಯಿತು.

ನಿಜವಾದ ಪರೀಕ್ಷೆ ಅದಲ್ಲವೆಂದು ನನಗೆ ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಬರಿ ದಂಬೆ ಕೈ ಇಡಲಾಗದಷ್ಟು ಕಾಯಿತು. ಯಾರೂ ಊಟಕ್ಕೆ ಹೋಗಲಿಲ್ಲ. ಇಳಿಹೊತ್ತಿಗೆ ಕಟ್ಟದ ಬಾಯಿ ತೆಗೆದರು, ತಣ್ಣೀರು ಒಳಗೆ ನುಗ್ಗಿತು, ದಂಬೆ ಟಕ್ ಎಂದಿತು. ಮೊದಲ ಸಲದ ಅದೇ ಶಬ್ದ. "ಹೋಯ್ತು," ಎಂದ, ನಕ್ಕಿದ್ದ ಆಳು. ಮತ್ತೊಂದು ಟಕ್. ಇನ್ನೊಂದು. ತುಂಡುಗಳು ಒಂದರೊಳಗೊಂದು ಸರಿದು ಕೂರುತ್ತಿದ್ದವು, ಅಷ್ಟೇ. ನೀರು ಅಕ್ಕನ ಗದ್ದೆಗೆ ಬೀಳುವ ಶಬ್ದ ಮೊದಲು ಕೇಳಿಸಿದ್ದು ಪಪ್ಪನಿಗೆ. ಅವರು ಎದ್ದು, ಕೈ ಚಾಚಿ ದಂಬೆಯ ಸಂದಿಯನ್ನು ಮುಟ್ಟಿ ನೋಡಿ, ಅದರ ಕೆಳಗೆ ಬಗ್ಗಿ, ಧನಿಗಳ ಚಾಪೆಗಳನ್ನು ಈ ತುದಿಯಿಂದ ಆ ತುದಿಗೆ ಅಂಗೈಯಲ್ಲಿ ಸವರುತ್ತ ಹೋದರು. ಎಲ್ಲಿಯೂ ಒದ್ದೆ ಇರಲಿಲ್ಲ.

ಧನಿಗಳು ಬುದ್ಧಿವಂತರು. ಅಕ್ಕನ ಕಡೆ ತಿರುಗಲೇ ಇಲ್ಲ. "ಪೊರ್ಬು, ನಿನ್ನ ಕೆಲಸಕ್ಕೆ ಕೊಂಕು ಹೇಳುವ ಹಾಗಿಲ್ಲ," ಎಂದರು. "ನಮ್ಮ ಹೊಸ ಮನೆಯ ಮಾಡಿನ ದಂಬೆ ಪೂರ್ತಿ ನಿನಗೇ. ನನ್ನ ಅಳಿಯಂದಿರ ಮನೆಗಳದ್ದೂ. ಈ ಒಂದನ್ನು ಇವತ್ತೇ ಬಿಚ್ಚಿಬಿಡು."

ಹಲವು ಮಳೆಗಾಲಗಳ ಕೆಲಸ ಅದು. ಪಪ್ಪ ಏನು ಹೇಳಬಹುದೆಂದು ನನಗೆ ಗೊತ್ತಿತ್ತು. ಆಗಲೇ ನನ್ನ ಬಾಯಲ್ಲಿ ಜಗಳ ಸಿದ್ಧವಾಗಿತ್ತು.

"ನಾನು ಬೆಸುಗೆಯವ, ಧನಿ," ಎಂದರು ಪಪ್ಪ. "ಇದರಲ್ಲಿ ಒಂದು ಚೂರು ಬೆಸುಗೆ ಇಲ್ಲ. ನಾನು ಮುಟ್ಟಿ ನೋಡಿದೆ. ಇಂಥ ಕೆಲಸ ನನಗೆ ಬರುವುದಿಲ್ಲ. ಇದು ನನ್ನ ಮಗಳದ್ದು. ದೀಪವೂ ಅವಳದ್ದೇ, ಡಬ್ಬವೂ ಅವಳದ್ದೇ. ಬಿಚ್ಚಬೇಕಾದರೆ ಅವಳನ್ನು ಕೇಳಿ."

ಧನಿಗಳು ಅವತ್ತು ಮೊದಲ ಬಾರಿಗೆ ನನ್ನ ಮುಖ ನೋಡಿದರು. ನನಗೆ ಕಣ್ಣು ಮಂಜಾಗಿತ್ತು. ಆದರೆ ಮಾತು ಮಂಜಾಗಿರಲಿಲ್ಲ. "ಬಿಚ್ಚುವುದಿಲ್ಲ," ಎಂದೆ. "ನಿಮ್ಮ ಉದ್ದು ಒಣಗಿದೆ, ತೆಗೆದುಕೊಂಡು ಹೋಗಿ."

ಮಾಡಿನ ದಂಬೆಯ ಕೆಲಸ ಬರಲಿಲ್ಲ. ಕೆಲವು ಹಳೆಯ ಗಿರಾಕಿಗಳು ಉಡುಪಿಗೆ ಹೋಗಿ ಡಬ್ಬ ತರತೊಡಗಿದರು. ಹೆಂಗಸಿನ ಕೈಯ ಡಬ್ಬದಲ್ಲಿ ಅಕ್ಕಿ ಕೆಡುತ್ತದೋ ಏನೋ, ನನಗೆ ತಿಳಿಯದು. ಅಂಗಡಿಯ ನಡುವಿನ ಹಲಗೆಯನ್ನು ನಾನು ಮರುದಿನವೇ ಕಿತ್ತೆ. ಪಪ್ಪ ಮೊಳೆ ಕೀಳುವ ಶಬ್ದ ಕೇಳುತ್ತ ಕೂತಿದ್ದರು. ಅಜೆಕಾರಿನ ಆ ಗದ್ದೆ ಮುಂದೆ ಒಂದು ವರ್ಷವೂ ಹಡಿಲು ಬೀಳಲಿಲ್ಲ. ಬಹಳ ವರ್ಷಗಳ ಮೇಲೆ, ಗೇಣಿ ಮಾಡಿದವರಿಗೇ ಭೂಮಿ ಕೊಡುವ ಕಾನೂನಿನ ಡಿಕ್ಲರೇಶನ್ ಕಾಲದಲ್ಲಿ, ಅದು ಅಕ್ಕನ ಹೆಸರಿಗೇ ಆಯಿತು.

ಆ ಬೇಸಿಗೆಯ ಕೊಳಕೆ ಕೊಯ್ದು, ಭತ್ತ ಬೇಯಿಸಿ, ಕುಟ್ಟಿ, ಅಕ್ಕ ಬೈಹುಲ್ಲಿನಲ್ಲಿ ಉಂಡೆ ಕಟ್ಟಿದ ಒಂದು ಮುಡಿ ಕುಚ್ಚಲಕ್ಕಿ ಹೊತ್ತು ಅಂಗಡಿಗೆ ಬಂದರು. ಪಪ್ಪ ರೂಢಿಯಂತೆ, "ಎಂತ ಬೇಕಿತ್ತು?" ಎಂದರು.

"ಬೇಕಾದದ್ದು ಸಿಕ್ಕಿದೆ, ಪೊರ್ಬುಳೇ," ಎಂದು ಅಕ್ಕ ಮುಡಿಯನ್ನು ನನ್ನ ಕೊಡತಿಯ ಪಕ್ಕದಲ್ಲಿ ಇಳಿಸಿದರು. "ಹಡಿಲು ಬೀಳಬೇಕಿದ್ದ ಗದ್ದೆಯ ಅಕ್ಕಿ, ಬಾಯಮ್ಮ. ಗಂಜಿ ಮಾಡಿ."

ಮಾಡಿದೆ. ಪಪ್ಪ ಪೂರ್ತಿ ಉಂಡು, ಬಟ್ಟಲು ಮುಂದೆ ಮಾಡಿ, ಇನ್ನೊಂದು ಸೌಟು ಹಾಕು ಎಂದರು.